ಗೊತ್ತಿಲ್ಲ ಎಂಬ ಖಾನೆ

ತ್ಸುಶಿಮಾ ದ್ವೀಪದ ಪಡುವಣ ದಂಡೆ.
ನನ್ನ ಕೈಯಲ್ಲಿ ಪುರಸಭೆ ಕೊಟ್ಟ ತೂಕದ ಕೊಕ್ಕೆ,
ಒದ್ದೆಯಾದರೂ ಹರಿಯದ ಹಾಳೆ, ಸೀಸದ ಕಡ್ಡಿ.
ಹಾಳೆಯಲ್ಲಿ ಐದು ಖಾನೆ:
ಜಪಾನ್, ಕೊರಿಯಾ, ಚೀನಾ, ರಷ್ಯಾ,
ಕೊನೆಯದು, ಗೊತ್ತಿಲ್ಲ.

ಮೊದಲ ವರ್ಷ ಆ ಕೊನೆಯ ಖಾನೆ
ಎರಡಂಕಿ ಬರೆದರೆ ತುಂಬಿಹೋಗುವಷ್ಟು.
ಈಗ ಅರ್ಧ ಹಾಳೆ ಅದರದ್ದೇ.
ಬಿಸಿಲು ತಿಂದ ಬಾಟಲಿಗೆ ಹೆಸರೆಲ್ಲಿ,
ಉಪ್ಪು ನೆಕ್ಕಿದ ಚಪ್ಪಲಿಗೆ ಊರೆಲ್ಲಿ?
ಥರ್ಮಾಕೋಲಿನ ತೇಲುಗುಂಡು
ಬೆರಳು ತಾಕಿದರೆ ಸಾಕು, ನುಚ್ಚಕ್ಕಿಯಂತೆ ಉದುರಿ
ಮರಳಲ್ಲಿ ಮರಳು.
ಹೆಕ್ಕಲು ಕೋಳಿಯ ಕಣ್ಣು ಬೇಕು,
ಕೋಳಿಗೂ ಬೇಡದ ಕಾಳು ಅದು.

ಅಬಿರು ತೊಕುಜೊ, ಎಪ್ಪತ್ತೆಂಟು ದಾಟಿದವನು,
ಸ್ಕ್ವಿಡ್ ಹಿಡಿದೂ ಹಿಡಿದೂ ಬೆರಳೇ ಗಾಳವಾದವನು,
ಪ್ರತಿ ಶನಿವಾರ ಬರುತ್ತಾನೆ, ಹೆಕ್ಕುತ್ತಾನೆ, ಬೈಯುತ್ತಾನೆ.
ನೀಲಿ ಡ್ರಮ್ಮು ಸಿಕ್ಕರೆ ಕೊರಿಯಾಕ್ಕೆ,
ಕಪ್ಪು ಗುಂಡು ಸಿಕ್ಕರೆ ಚೀನಾಕ್ಕೆ:
"ತಮ್ಮ ಮನೆ ಗುಡಿಸಿ ನಮ್ಮ ಜಗಲಿಗೆ ಸುರಿಯುತ್ತಾರೆ."
ಅವನ ಮನೆಯಿರುವ ಗುಡ್ಡದಿಂದ, ಮೋಡವಿಲ್ಲದ ರಾತ್ರಿ,
ಪುಸಾನಿನ ದೀಪಗಳು ಸಾಲಾಗಿ ಕಾಣುತ್ತವೆ.
ಅತ್ತ ಬೆನ್ನು ಹಾಕಿಯೇ ಉಣ್ಣುತ್ತಾನೆ,
ಸೊಸೆ ಹೇಳಿದ್ದು.

ಜೂನಿನಲ್ಲಿ ಆ ದೀಪಗಳ ಊರಿಂದ ಹಡಗು ಬಂತು.
ನಲವತ್ತು ಮಂದಿ ಹುಡುಗ ಹುಡುಗಿಯರು,
ಇಳಿಯುವ ಮೊದಲೇ ಕೈಗವಸು ತೊಟ್ಟವರು.
ಹ್ಯೆರಿನ್ ಎಂಬಾಕೆ ಅಬಿರುವಿನ ಪಕ್ಕ
ಕುಕ್ಕರಗಾಲಲ್ಲಿ ಕೂತು,
ಕಲಿತಷ್ಟು ಜಪಾನಿಯಲ್ಲಿ, ಡ್ರಮ್ಮಿನ ಮೇಲಿನದನ್ನು ಓದಿ ಹೇಳಿದಳು:
ಇದು ಕಡಲಪಾಚಿ ಬೆಳೆಯುವವರ ಆಮ್ಲ, ಮುಟ್ಟಬೇಡಿ.
ಇದು ಸಿಂಪಿಯ ಸಾಲಿಗೆ ಕಟ್ಟುವ ಹಗ್ಗ.
ಈ ಗಂಟು, ನೋಡಿ, ನನ್ನ ಸೋದರಮಾವ ಹಾಕುವ ಗಂಟೇ.
ಸೋದರಮಾವ ಎಂದದ್ದೇ ತಡ,
ಮುದುಕನ ಬಾಯಲ್ಲಿದ್ದ ಬೈಗುಳ ಬಿಸಿ ಗೆಣಸಾಯಿತು.
ಉಗುಳಲಿಲ್ಲ. ನುಂಗಲೂ ಇಲ್ಲ.
ಗಂಟು ಬಿಚ್ಚಲು ಕೂತ. ಬಿಚ್ಚಲಾಗಲಿಲ್ಲ.
"ಒಳ್ಳೆಯ ಗಂಟು" ಎಂದ.

ನವೆಂಬರಿನಲ್ಲಿ ಸಭೆ. ನಾಲ್ಕು ಬಾವುಟ,
ಕಿವಿಗೆ ಸಿಕ್ಕಿಸುವ ಯಂತ್ರ, ಬಾಟಲಿ ನೀರು ಬೇಡವೆಂದು ಹೂಜಿ.
ತೇಲುಗುಂಡಿಗೆ ಒಡೆಯನ ಹೆಸರು ಕೊರೆಯಬೇಕೆ,
ಕೊರೆದರೆ ಯಾರ ಲಿಪಿಯಲ್ಲಿ,
ಅರ್ಧ ದಿನ ಅದಕ್ಕೇ ಹೋಯಿತು.
ಐದು ವರ್ಷದ ಹಾಳೆ ಹೊತ್ತು ಹೋಗಿದ್ದೆ.
ನಾಲ್ಕು ಖಾನೆಯನ್ನು ನಾಲ್ವರೂ ಇಣುಕಿ ನೋಡಿದರು,
ಅವರವರದ್ದಲ್ಲದ್ದನ್ನು.
ಐದನೆಯದನ್ನು ಯಾರೂ ಕೇಳಲಿಲ್ಲ.

ಚಹಾದ ಹೊತ್ತಿಗೆ ರಷ್ಯಾದ ಕರಾವಳಿಯ
ಶಾಲಾ ಮಾಸ್ತರು ರೊದಿಯೋನ್ ಲುಕಿಚ್
ಫೋನು ಚಾಚಿದರು, ನಾಚುತ್ತ.
ಹಿಮ ಬಿದ್ದ ಅಂಗಳ, ನೀಲಿ ಮೀನುಪೆಟ್ಟಿಗೆ,
ತುಂಬ ಆಲೂಗಡ್ಡೆ.
ಬದಿಯಲ್ಲಿ ಕಾದ ಕಬ್ಬಿಣದಿಂದ ಸುಟ್ಟ ಅಕ್ಷರ:
ಅಬಿರು, ಮೂರನೆಯ ದೋಣಿ.

ಚಿತ್ರ ತಂದುಕೊಟ್ಟೆ.
ಮುದುಕ ಕನ್ನಡಕ ತೆಗೆದು ನೋಡಿದ, ಹಾಕಿ ನೋಡಿದ.
"ಆ ತೂಫಾನಿನ ಹಿಂದಿನ ರಾತ್ರಿ
ನಾನು ಹಗ್ಗ ಬಿಗಿಯಲಿಲ್ಲ. ಕುಡಿದಿದ್ದೆ."
ಆಮೇಲೆ ತುಸು ಹೊತ್ತು ಬಿಟ್ಟು,
"ಆಲೂಗಡ್ಡೆ ದಪ್ಪಗಿವೆ."

ಶನಿವಾರ ನನ್ನ ಕೈಯಿಂದ ಸೀಸದ ಕಡ್ಡಿ ಕಸಿದು
ಜಪಾನಿನ ಖಾನೆಯಲ್ಲಿ ಬರೆದ: ಪೆಟ್ಟಿಗೆ, ಒಂದು.
ಅಜ್ಜಾ, ಇಲ್ಲಿ ಸಿಕ್ಕಿದ್ದನ್ನಷ್ಟೇ ಬರೆಯಬೇಕು, ಅದು ನಿಯಮ, ಎಂದೆ.
"ಇಲ್ಲಿಂದ ಹೋದದ್ದನ್ನು ಎಲ್ಲಿ ಬರೆಯುತ್ತೀರಿ?"

ಅಂಥ ಖಾನೆ ಹಾಳೆಯಲ್ಲಿ ಇರಲಿಲ್ಲ.
ಅಂಚಿನಲ್ಲಿ ಗೆರೆ ಎಳೆದೆ, ಸೊಟ್ಟಗೆ,
ಗಾಳಿ ಹಾಳೆಯನ್ನು ಎಳೆಯುತ್ತಿತ್ತು.

ಅಷ್ಟರಲ್ಲಿ ಒಂದು ತೆರೆ ಬಂದು ಹೋಯಿತು.
ಬಿಟ್ಟುಹೋದದ್ದು ಒಂದು ಚಪ್ಪಲಿ, ಎಡಗಾಲಿನದು,
ಮಗುವಿನದು.
ಇಬ್ಬರೂ ಬಗ್ಗಿದೆವು.