ಹತ್ತು ಅಂಕದ ಪ್ರಶ್ನೆ

ಪ್ರಶ್ನೆ ಹೀಗಿತ್ತು: ಕನ್‌ಫ್ಯೂಷಿಯನ್ ಮತ್ತು ದಾವ್ ಪಂಥಗಳ
ಮೂಲ ನಂಬಿಕೆ, ಆಚರಣೆಗಳನ್ನು ಹೋಲಿಸಿ.
ದೂರಶಿಕ್ಷಣದ ಎಂ.ಎ., ಎರಡನೇ ವರ್ಷ.
ಓದಿದ್ದು ಕೌಲ್ ಬಜಾರಿನ ಜೀನ್ಸ್ ಘಟಕದಲ್ಲಿ,
ಗುಂಡಿ ಹೊಡೆಯುವ ಮಷೀನಿನ ಪಕ್ಕ,
ಕರೆಂಟು ಹೋದಾಗೆಲ್ಲ ಎರಡೆರಡು ಪುಟ.
ಬಳ್ಳಾರಿಯ ಬೇಸಿಗೆಯಲ್ಲಿ ಕರೆಂಟು ಹೋಗುವುದು
ಓದುವವರ ಪುಣ್ಯ.

ಮೊದಲನೆಯ ಮತ ನನಗೆ ತಿಳಿದದ್ದು
ಕಟಿಂಗ್ ಮಾಸ್ತರ್ ರುಕ್ಮಾಜಿರಾಯರಿಂದ.
ಚೀನಾ ಇರಲಿ, ಗುಂತಕಲ್ಲು ದಾಟಿದವರಲ್ಲ.
ಬೆಳಿಗ್ಗೆ ಬಂದು ಕೈ ತೊಳೆದು
ಅಪ್ಪನ ಕತ್ತರಿಯನ್ನು ಕಣ್ಣಿಗೊತ್ತಿಕೊಳ್ಳುವರು.
ಅಪ್ಪ ಸತ್ತು ಹತ್ತೊಂಬತ್ತು ವರ್ಷ; ಇನ್ನೂ
ಅವನ ಸ್ಟೂಲಿನ ಮೇಲೆ ಕೂರದೆ
ನಿಂತೇ ಬಟ್ಟೆ ಹಾಸುವರು.
ಜೇಬಿಗೆ ಜೇಬೇ ಅನ್ನಬೇಕು, ನಡುಪಟ್ಟಿಗೆ ನಡುಪಟ್ಟಿ.
ಹುಡುಗರು ‘ಆ ಪೀಸು, ಈ ಪೀಸು’ ಅಂದರೆ
ಟೇಪು ಕೆಳಗಿಟ್ಟುಬಿಡುವರು:
“ಹೆಸರು ತಪ್ಪಿದರ ಕೈ ತಪ್ಪತೈತಿ,
ಕೈ ತಪ್ಪಿದರ ಮನಿ ತಪ್ಪತೈತಿ.”
ಹಿರಿಯ ಕಲಿಸಬೇಕು, ಕಿರಿಯ ಬಾಗಬೇಕು,
ಮಾಲೀಕ ಮಾಲೀಕನಂತಿರಬೇಕು.
(ಮಾಲೀಕನಿಗೇ ಇದು ಗೊತ್ತಿರಲಿಲ್ಲ.)

ಎರಡನೆಯದು ಹಿತ್ತಲಲ್ಲಿತ್ತು, ವಾಷಿಂಗ್ ಶೆಡ್ಡಿನಲ್ಲಿ.
ಹುಲುಗಪ್ಪ. ಮೊಣಕೈತನಕ ನೀಲಿ.
ಎಷ್ಟು ನಿಮಿಷ, ಎಷ್ಟು ಕಲ್ಲು, ಎಷ್ಟು ನೀರು ಎಂದು
ಚೀಟಿ ಬರೆದುಕೊಟ್ಟಿದ್ದರು; ಅದೂ ಎಂದೋ ಡ್ರಮ್ಮಿಗೆ ಬಿದ್ದು
ಬಿಳುಚಿಕೊಂಡಿತ್ತು.
ಕಿವಿಕೊಟ್ಟು ನಿಲ್ಲುವನು,
ಒಂದು ಗಳಿಗೆಗೆ ತಟ್ಟನೆ ಬಂದ್ ಮಾಡುವನು.
ಹೆಂಗ ಗೊತ್ತಾತು ಅಂದರೆ,
“ನನಗೆಲ್ಲಿ ಗೊತ್ತಾತು, ಅದಕ್ಕ ಗೊತ್ತಾತು.”
ನನ್ನ ನೋಟ್ಸು ಇದನ್ನು ‘ಮಾಡದೆ ಮಾಡುವುದು’ ಎನ್ನುತ್ತಿತ್ತು.

ಹೆಂಡತಿ ತೀರಿಕೊಂಡ ಮೂರನೇ ದಿನ
ಅವಳದೊಂದು ಸೀರೆ ತಂದು ತೊಳೆದ.
ಮೋಟುಗೋಡೆಯ ಮೇಲೆ ಹರವಿ ಒಣಗುವತನಕ ಕೂತ.
ಒಣಗಿತು. ಮಡಿಚಿದ.
ಕಸ ಗುಡಿಸುವ ಗಂಗಮಾಳಮ್ಮಗೆ ಕೊಟ್ಟ.
ರಾಯರು ಆ ವಾರವೆಲ್ಲ ಅವನ ಕೂಡ ಮಾತು ಬಿಟ್ಟರು:
“ಹನ್ನೊಂದನೇ ದಿನ ಅನ್ನೋದು ಇಲ್ಲೇನು ಇವಗ?”

ಬರೆದುಕೊಂಡೆ: ಒಬ್ಬರಿಗೆ, ಮನುಷ್ಯ ತಿದ್ದಬೇಕಾದ ಬಟ್ಟೆ;
ಇನ್ನೊಬ್ಬನಿಗೆ, ತಿದ್ದಿದ್ದೇ ಕಲೆ.
ಹೊಡೆದುಹಾಕಿದೆ. ಬಹಳ ಸಲೀಸಾಗಿತ್ತು.

ಆಗ ಬಂತು ಸೋಲಾಪುರದ ಆರ್ಡರು.
ಹೊಸ ಪ್ಯಾಂಟು, ಎಂಟುನೂರು,
ಮೊಣಕಾಲಲ್ಲಿ ಹರಿದಿರಬೇಕು.
ಮಾಲೀಕ ಬ್ಲೇಡು ಹಿಡಿದು ಮುಂದಿನ ಕೋಣೆಗೆ ಹೋದ.
“ನೇಯ್ದವನ ಕೈಗೆ, ಹೊಲಿದವನ ಕೈಗೆ ಮರ್ಯಾದಿ ಬ್ಯಾಡೇನು?
ಹೊಸದನ್ನ ಹರದು ಮಾರೋದು ಯಾವ ನೀತಿ?”
ಹಿತ್ತಲಿಗೆ ಹೋದ.
“ತಾನ ಹರೀತೈತಲ್ಲ ಸಾವುಕಾರ, ಅವಸರ ಏನೈತಿ?”

ಆ ಸಂಜೆ ಮೊದಲ ಸಲ ಇಬ್ಬರೂ
ಒಂದೇ ಪೇಪರಿನಲ್ಲಿ ಒಗ್ಗರಣೆ ಮಂಡಕ್ಕಿ ತಿಂದರು.
ಮಾತಿಲ್ಲ. ಕೋಟೆಗುಡ್ಡದ ಬಂಡೆ
ಹಗಲೆಲ್ಲ ನುಂಗಿದ ಬಿಸಿಲನ್ನು ನಿಧಾನ ಬಿಡುತ್ತಿತ್ತು.
ರಾಯರು ಮಿರ್ಚಿಯನ್ನು ಅಳತೆ ನೋಡಿ ಎರಡು ಮಾಡಿದರು;
ಹುಲುಗಪ್ಪ ಕೈಗೆ ಸಿಕ್ಕಿದ್ದು ತಿಂದ.

ಬ್ಲೇಡು ನನ್ನ ಮೇಜಿಗೆ ಬಂತು.
ಒಂದಕ್ಕೆ ಮೂರು ರೂಪಾಯಿ.
ಪರೀಕ್ಷೆ ಫೀಸಿಗೆ ಆರುನೂರು ಕಡಿಮೆಯಿತ್ತು.
ಇನ್ನೂರು ಪ್ಯಾಂಟು, ನಾನೂರು ಮೊಣಕಾಲು.
ಉದ್ದದ ನೀಲಿ ಎಳೆ ಕಿತ್ತು, ಅಡ್ಡದ ಬಿಳಿ ಉಳಿಸಬೇಕು.
ಅದಕ್ಕೂ ಒಂದು ಅಳತೆ ಇದೆ; ಅದಕ್ಕೂ
ಸಾಕು ಅನಿಸುವ ಗಳಿಗೆಯೊಂದಿದೆ.
ಇಬ್ಬರೂ ನೋಡಿದರು, ಇಬ್ಬರೂ ಏನೂ ಅನ್ನಲಿಲ್ಲ:
ಫೀಸು ಕಟ್ಟುವ ಹುಡುಗಿಗೆ ಅನ್ನಬಾರದೆಂದು ಒಬ್ಬರು;
ಇನ್ನೊಬ್ಬ, ಅನ್ನುವಂಥದ್ದೇನು ಎಂದು.

ಉತ್ತರದಲ್ಲಿ ಇದ್ಯಾವುದನ್ನೂ ಬರೆಯಲಿಲ್ಲ.
ಎಡಕ್ಕೊಂದು ಮತ, ಬಲಕ್ಕೊಂದು ಮತ, ನಡುವೆ ಗೆರೆ.
ಗೆರೆ ಎಳೆಯಲು ರಾಯರ ಸ್ಕೇಲು ಒಯ್ದಿದ್ದೆ.
ಬೆವರಿಗೆ ಹೆಬ್ಬೆರಳಿನ ನೀಲಿ ಬಿಟ್ಟುಕೊಂಡು
ಎರಡೂ ಕಡೆ ಹತ್ತಿತು.
ಹತ್ತಕ್ಕೆ ಏಳು ಬಂತು.