ನೂರರಲ್ಲಿ ನಾಲ್ಕು

ಯಲಗೂರದಪ್ಪ ಗಾಡಿ ಇಳಿಯುವಾಗ
ಎಡಗಾಲು ಮೊದಲು ಊರಿ, ಬಲಗಾಲನ್ನು ಆಮೇಲೆ
ಸಿಮೆಂಟಿನ ಚೀಲದಂತೆ ಇಳಿಸಿಕೊಂಡ.
ನೋಡಿದ್ದೆ. ನೋಡಿ, ಮರೆತಿದ್ದೆ.

"ಹ್ವಾದ ಖೇಪಿಗೆ ತವಂದಿ ಘಾಟಿನ್ಯಾಗ
ಹಿಡೀಲೇ ಇಲ್ಲರಿ ಮಕ್ತುಂಸಾಬ್.
ಎಕ್ಸಲೇಟರ್ ಬಿಟ್ರ ಇಂಜಿನ್ ಜಗ್ಗಿ ಹಿಡೀಬೇಕಲ್ಲ,
ಇದು ತಾನ ಮ್ಯಾಲಿನ ಗೇರಿಗೆ ಏರತೈತಿ.
ಬರೇ ಬ್ರೇಕಿನ ಮ್ಯಾಲ ಇಳಿಸೇನಿ.
ಲೈನರ್ ಸುಟ್ಟ ವಾಸನಿ ನಿಪ್ಪಾಣಿ ತನಕಾ ಬೆನ್ನು ಹತ್ತಿತ್ತು."

ಹಿಂದೆ ಇಳಕಲ್ಲಿನ ಕೆಂಪು ಕಲ್ಲು, ಇಪ್ಪತ್ತೈದು ಟನ್.
ಮುಂದೆ ಅದೇ ಘಾಟು.
ನಡುವೆ ಸಂಕೇಶ್ವರದ ನನ್ನ ತಗಡಿನ ಶೆಡ್ಡು.

ಹಳೇ ಗಾಡಿಗಾದರೆ ಕಿವಿ ಸಾಕಿತ್ತು.
ಹತ್ತಿದ ಗೇರಿನಲ್ಲೇ ಇಳೀರಿ ಅನ್ನುತ್ತಿದ್ದರು ನಮ್ಮ ಉಸ್ತಾದರು;
ಸಣ್ಣ ಗೇರು ಹಾಕಿ, ಇಂಜಿನ್ ನರಳುವುದನ್ನು ಕೇಳುತ್ತ
ಬೀಡಿ ಹಚ್ಚಿಕೊಂಡು ಇಳಿಯುತ್ತಿದ್ದೆವು.
ಈ ಗಾಡಿಗೆ ಕ್ಲಚ್ಚೇ ಇಲ್ಲ.
ಎಡಗಾಲು ಬೀಗರ ಮನೆಗೆ ಬಂದವನ ಹಾಗೆ
ಕೆಲಸವಿಲ್ಲದೆ, ಏಳಲೂ ಆಗದೆ ಕೂತಿರುತ್ತದೆ.

ಮೊದಲು ತಪ್ಪು ಜಾಗದಲ್ಲೇ ಹುಡುಕಿದೆ.
ಗೇರೆಣ್ಣೆ ಬೆರಳಿಗೆ ಹಚ್ಚಿ ಮೂಸಿದೆ: ಸುಟ್ಟಿಲ್ಲ.
ಎಕ್ಸಾಸ್ಟ್ ಬ್ರೇಕಿನ ಬಾಗಿಲಿಗೆ ಮಸಿ ಹತ್ತಿತ್ತು,
ಡೀಸೆಲ್ ಹಾಕಿ ತಿಕ್ಕಿದೆ; ಸರಾಗ ಮುಚ್ಚಿತು, ಸರಾಗ ತೆರೆಯಿತು.
ಗಾಳಿ ಪೈಪಿಗೆ ಸಾಬೂನು ನೀರು: ಒಂದು ಗುಳ್ಳೆ ಇಲ್ಲ.
"ಗೇರ್ ಬಾಕ್ಸ್ ಇಳಸೂಣೇನ್ರಿ?" ಅಂದ ಭರಮಾ, ಆಸೆಯಿಂದ.
ಇಳಿಸಿದ್ದರೆ ಎರಡು ದಿನ, ಮಾಲೀಕರಿಗೆ ನಲವತ್ತು ಸಾವಿರ,
ನನಗೊಂದು ಸುಳ್ಳು.

ಲ್ಯಾಪ್‌ಟಾಪ್ ಜೋಡಿಸಿದೆ. ಅವನು ಸೀಟಿನಲ್ಲಿ.
"ಕಾಲು ತೆಗಿ."
"ತೆಗದೇನ್ರಿ."
ಪರದೆಯ ಮೇಲೆ, ಪೆಡಲ್: ನೂರರಲ್ಲಿ ನಾಲ್ಕು.
"ಪೂರಾ ತೆಗಿ."
"ಪೂರಾ ತೆಗದೇನಿ."
ನಾಲ್ಕು.

ಸೆನ್ಸರ್ ಹೋಗಿದೆ ಎಂದು ಅವನನ್ನಿಳಿಸಿ ನಾನೇ ಕೂತೆ.
ಸೊನ್ನೆ.
ಮತ್ತೆ ಅವನು: ನಾಲ್ಕು. ಒಮ್ಮೆ ಐದು.
ನಗಲು ಬಾಯಿ ತೆರೆದ ಭರಮಾ
ನನ್ನ ಮುಖ ನೋಡಿ ಮುಚ್ಚಿದ.

ಬಗ್ಗಿ ನೋಡಿದೆ.
ಹೆಬ್ಬೆರಳು ಪೆಡಲಿನ ತುದಿಯ ಮೇಲೆ,
ಮಲಗಿದ ಕೂಸಿನ ಮೇಲಿಟ್ಟ ಕೈಯಷ್ಟು ಹಗುರ.
ಅವನಿಗೆ ಗೊತ್ತೇ ಇಲ್ಲ.

"ರಾಡ್ ಹಾಕ್ಯಾರ್ರಿ," ಅಂದ, ಪ್ಯಾಂಟು ಎತ್ತದೆ.
"ಮೂರು ವರ್ಷಾತು. ಮೊಣಕಾಲ ಕೆಳಗ
ಅರಬಿ ಸುತ್ತಿದಂಗ ಇರತೈತಿ.
ಮಾಲಕರಿಗೆ ಹೇಳಿಲ್ಲ."

ಯಂತ್ರ ಆ ನಾಲ್ಕನ್ನು ನಂಬಿತ್ತು.
ಇವನಿಗಿನ್ನೂ ಹೋಗುವ ಅವಸರವಿದೆ ಎಂದು
ಇಳಿಜಾರಿನಲ್ಲೂ ದಾರಿ ಬಿಟ್ಟುಕೊಟ್ಟಿತ್ತು.

ಜಾಲಿ ಕಟ್ಟಿಗೆಯ ತುಂಡು ಕೊಯ್ದು
ಪೆಡಲಿನ ಬಲಕ್ಕೆ, ಬಾಗಿಲ ಕಡೆ, ಬೋಲ್ಟ್ ಬಿಗಿದೆ.
"ಕಾಲು ತೆಗೆದಾಗ ಇದಕ್ಕ ಬಡಿ.
ಚರ್ಮಕ್ಕ ತಿಳೀಲಿಲ್ಲಂದ್ರ ರಾಡಿಗೆ ತಿಳೀಲಿ."

ಘಾಟಿಗೆ ನಾನೂ ಹೋದೆ, ಲ್ಯಾಪ್‌ಟಾಪ್ ತೊಡೆಯ ಮೇಲೆ.
ಟಕ್. ಸೊನ್ನೆ.
ಇಂಜಿನ್ ಗಂಟಲು ಬಿಗಿಹಿಡಿದು ಗುರುಗುಟ್ಟಿತು,
ಕಲ್ಲಿನ ಭಾರ ಬೆನ್ನಿಗೆ ಒರಗಿ ನಿಂತಿತು.
"ಹಿಡಿತ್ರಿ!" ಅಂದ, ಹುಡುಗನಂತೆ.
ಎರಡನೇ ತಿರುವು, ಸೊನ್ನೆ.
ಮೂರನೇ ತಿರುವಿನಲ್ಲಿ ಎದುರಿಗೊಂದು ಬಸ್ಸು.
ನಾಲ್ಕು.
"ಕಾಲು," ಅಂದೆ.
ಟಕ್.

ನಿಪ್ಪಾಣಿಯ ವೇಬ್ರಿಜ್ ಹತ್ತಿರ ನಿಲ್ಲಿಸಿದಾಗ ಮಾಲೀಕರ ಫೋನು.
"ಏನಾಗಿತ್ರೀ ಗಾಡಿಗೆ?"
ಬಿಲ್ ಬುಕ್ಕಿನಲ್ಲಿ ಬರೆದಿದ್ದೆ: ಎಕ್ಸಾಸ್ಟ್ ಬ್ರೇಕ್ ತೊಳೆದದ್ದು, ಆರುನೂರು.
ಕೆಳಗಿನ ಸಾಲು ಖಾಲಿ.
"ಡ್ರೈವರ್ ಹೇಳ್ತಾನ್ರಿ," ಎಂದು
ಫೋನನ್ನು ಅವನ ಕೈಗಿಟ್ಟೆ.

ಅವನು ಹಿಡಿದುಕೊಂಡ. ಹಿಡಿದು,
ಜಾಲಿ ತುಂಡಿನ ಮೇಲಿದ್ದ ತನ್ನ ಕಾಲನ್ನು ನೋಡುತ್ತ ಕೂತ.
ಫೋನು ಒಳಗಿಂದ ಹಲೋ, ಹಲೋ ಅನ್ನುತ್ತಲೇ ಇತ್ತು.