ಕತ್ತರಿಗೆ ಮೊದಲು

ರಾತ್ರಿ ಹನ್ನೆರಡರ ಮೇಲೆ ನೀರೂ ಇಲ್ಲ ಎಂದು
ಮಂಚದ ತಲೆಗೆ ಚೀಟಿ ಅಂಟಿಸಿ ಹೋದಳು ಶೈನಿ ಸಿಸ್ಟರ್.
ಅಲ್ಲಿಯವರೆಗೆ ಬಾಯಾರಿಕೆಯೇ ಇರಲಿಲ್ಲ ನನಗೆ.
ಚೀಟಿ ಓದಿದ್ದೇ ನಾಲಿಗೆ ಹಲಗೆಯಾಯಿತು.

ಮುಹರಕ್ಕಿನ ಆಸ್ಪತ್ರೆ, ನಾಲ್ಕನೇ ಮಹಡಿ, ಆಗಸ್ಟ್.
ಒಳಗೆ ಏಸಿ, ಹೊರಗೆ ಸಮುದ್ರದ ಬೆವರು,
ಕಿಟಕಿಯ ಗಾಜಿಗೆ ಹೊರಗಿನಿಂದ ಮಂಜು ಕಟ್ಟಿದೆ.
ಅಂಗೈಯಿಂದ ಒರೆಸಿ ನೋಡಿದೆ, ಎರಡು ಸಲ.
ಒಳಗಿನಿಂದ ಒರೆಸಿದರೆ ಹೋಗುವ ಮಂಜಲ್ಲ ಅದು.
ಆಚೆ ದೀಪಗಳಿವೆ ಎಂದು ಸುಮ್ಮನೆ ನಂಬಬೇಕು.

ಇಪ್ಪತ್ತಾರು ವರ್ಷ ಮನಾಮದ ಸೂಕಿನ ಹಿಂದಿನ ಓಣಿಯಲ್ಲಿ
ಮೆಟ್ಟಿಲ ಕೆಳಗಿನ ಮೂಲೆ,
ನಾನು, ನನ್ನ ಮಷೀನು, ಕಪ್ಪು ಬಟ್ಟೆಯ ಥಾನು.
ಹೊಲಿದ ಅಬಾಯಗಳ ಲೆಕ್ಕ ಇಟ್ಟಿಲ್ಲ.
ಮೋಟಾರು ಹಾಕಿಸಿದ್ದು ಮೊನ್ನೆ ಮೊನ್ನೆ;
ಅಷ್ಟರಲ್ಲಿ ತುಳಿದ ಕಾಲಿನ ಬುಡ ಸವೆದಿತ್ತು.
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರ್ ಸಾಮೆಹ್ ಅಂದರು:
"ಇಲ್ಲಿ ಮೆತ್ತೆ ಇರಬೇಕಿತ್ತು. ಎಲುಬಿಗೆ ಎಲುಬೇ ತಾಗುತ್ತಿದೆ."
ಅಸ್ತರು ಹರಿದಿದೆ ಅನ್ನಿ, ಎಂದೆ.
ಈಜಿಪ್ಟಿನವರು. ಅಸ್ತರು ತಿಳಿಯಲಿಲ್ಲ.

"ಏನೂ ಆಗುವುದಿಲ್ಲ ಮಾರಾಯ್ತಿ"
ಕಾಪುವಿನಿಂದ ತಂಗಿ ಗುಲಾಬಿ, ದಿನಕ್ಕೆ ಮೂರು ಹೊತ್ತು,
ಮಾತ್ರೆಯ ಹಾಗೆ.
ಸಾಯುವ ಹೆದರಿಕೆ ಅಂದುಕೊಂಡಿದ್ದಾಳೆ ಪಾಪ.
ನನ್ನದು ಕಸುಬಿನ ಹೆದರಿಕೆ:
ಹೊಲಿಗೆ ತಪ್ಪಿದರೆ ಬಿಚ್ಚಬಹುದು,
ಕತ್ತರಿ ತಪ್ಪಿದರೆ ಬಿಚ್ಚಲಿಕ್ಕೆ ಏನಿದೆ?
ಒಮ್ಮೆ, ಒಂದೇ ಒಮ್ಮೆ, ಮದುವೆಯ ರೇಷ್ಮೆಯಲ್ಲಿ
ಎರಡೂ ಎಡತೋಳೇ ಕತ್ತರಿಸಿಬಿಟ್ಟಿದ್ದೆ.
ಹನ್ನೊಂದು ದಿನಾರು ಕೊಟ್ಟು ಅದೇ ಬಣ್ಣ ಹುಡುಕಿ ತಂದೆ.
ಕಾಲಿಗೆ ಯಾವ ಅಂಗಡಿ?

ಎಷ್ಟು ಹೊಲಿಗೆ ಬೀಳುತ್ತದೆ ಎಂದು ಸಂಜೆ ಕೇಳಿದ್ದೆ.
ಹೊಲಿಗೆಯಲ್ಲ, ಪಿನ್ನು, ಎಂದರು. ಇಪ್ಪತ್ತೆಂಟೋ ಮೂವತ್ತೋ.
ಪಿನ್ನು! ಶಾಲೆಯ ಉತ್ತರಪತ್ರಿಕೆಗೆ ಹೊಡೆದಂತೆ!
ನನ್ನ ಹತ್ತಿರ ಒಳ್ಳೆಯ ನೂಲಿದೆ ಎಂದುಬಿಟ್ಟೆ.
ಶೈನಿ ನಕ್ಕಳು. ಡಾಕ್ಟರು ನಗಲಿಲ್ಲ,
ಫೈಲಿನಲ್ಲಿ ಏನೋ ಬರೆದರು.

ಒಂದೂವರೆಗೆ ದಿಂಬಿನಡಿ ಫೋನು ಗುನುಗಿತು.
ಉಮ್ ಖಲೀಫಾ. ಆಕೆಗೆ ರಾತ್ರಿಯೇ ಹಗಲು.
"ವಾರೀಜಾ, ದೇವರು ನಿನ್ನನ್ನು ಗುಣ ಮಾಡಲಿ.
ಹೊಸ ಅಬಾಯದ ತೋಳು ಉದ್ದವಾಯಿತು, ಎರಡು ಬೆರಳು ಇಳಿಸು.
ಅವಸರವಿಲ್ಲ. ಶುಕ್ರವಾರ ಬೇಕು."
ಕಿವಿಗೊತ್ತಿ ಮೂರು ಸಲ ಕೇಳಿದೆ.
ಹರಕೆ, ಕುಂಕುಮ, ಹಾರೈಕೆ ಎಲ್ಲಕ್ಕಿಂತ
ಆ ಶುಕ್ರವಾರ ಗಟ್ಟಿ ಇತ್ತು ಹಿಡಿದುಕೊಳ್ಳಲು.
ನಾನಿಲ್ಲದ ಶುಕ್ರವಾರ ಎಂಬುದೊಂದು
ಆಕೆಗೆ ಹೊಳೆದೇ ಇಲ್ಲ.

ಆಮೇಲೆ ತೊಟ್ಟ ಆಸ್ಪತ್ರೆಯ ಅಂಗಿಯ ಅಂಚು ತಡವಿದೆ.
ಇಂಚಿಗೆ ಆರೇ ಹೊಲಿಗೆ. ಕಳ್ಳ ಕೆಲಸ.
ಬೈಯುತ್ತ ಎಣಿಸಿದೆ. ತಪ್ಪಿತು. ಮತ್ತೆ ಮೊದಲಿನಿಂದ.
ನೂರಾ ನಲವತ್ತಕ್ಕೆ ಬಾಂಗು ಕೇಳಿತು.

ಡಾಕ್ಟರು ಬಂದಾಗ ಕೈಯಲ್ಲಿ ನೇರಳೆ ಪೆನ್ನು.
ಯಾವ ಕಾಲು ಎಂದು ನನ್ನನ್ನೇ ಕೇಳಿದರು, ನಿಯಮವಂತೆ.
ಎರಡು ಎಡತೋಳು ಕಣ್ಣ ಮುಂದೆ ಬಂದವು.
ಬಲ, ಎಂದೆ. ಬಲ. ಬಲ.
ತೊಡೆಯ ಮೇಲೊಂದು ಬಾಣ ಗೀಚಿದರು. ಸೊಟ್ಟ.
ಕೊಡಿ ಇಲ್ಲಿ, ಎಂದು ಕೈ ಚಾಚಿದೆ.
ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕೊಟ್ಟರು.

ಬೆರಳಿನ ನಡುಕ ಪೆನ್ನಿನ ತುದಿಯವರೆಗೆ ಬಂದು
ಚರ್ಮ ತಾಗುವ ಮೊದಲು ನಿಂತಿತು,
ಸುಣ್ಣದ ಬಿಲ್ಲೆ ಹಿಡಿದಾಗಲೆಲ್ಲ ನಿಲ್ಲುವ ಹಾಗೆ.
ಅವರ ಬಾಣದ ಮೈಮೇಲೆಯೇ ನನ್ನದೊಂದು ಎಳೆದೆ,
ನೆಟ್ಟಗೆ.
ಹೊಲಿಗೆಗೆ ಅರ್ಧ ಇಂಚು ಬಿಡಿ, ಎಂದೆ, ಕನ್ನಡದಲ್ಲಿ.
ಅರ್ಥವಾದವರ ಹಾಗೆ ತಲೆಯಾಡಿಸಿದರು.

ಗಾಜಿನ ಮಂಜು ಹಾಗೇ ಇತ್ತು.
ಪೆನ್ನು ವಾಪಸು ಕೊಟ್ಟೆ ಎಂದುಕೊಂಡಿದ್ದೆ.
ಗಾಲಿಮಂಚ ಲಿಫ್ಟಿನ ಬಾಗಿಲಿಗೆ ಬಂದಾಗ
ಶೈನಿ ನನ್ನ ಮುಷ್ಟಿಯಿಂದ ಅದನ್ನು ಬಿಡಿಸಿಕೊಂಡಳು,
ಒಂದೊಂದೇ ಬೆರಳು.